ಅಪ್ಪ ಅನ್ನ ಬಿಟ್ಟರೆ ಮಗುವೂ ಬಿಡಬೇಕಾ? ಪುಟ್ಟ ಮಕ್ಕಳು ಮತ್ತು ಲೋ-ಕಾರ್ಬ್ ಊಟ

ಈಗ ಎಷ್ಟೋ ಮನೆಗಳಲ್ಲಿ ಅನ್ನ ಮಾಡುವ ಪಾತ್ರೆ ಚಿಕ್ಕದಾಗಿದೆ. ಅಪ್ಪನಿಗೆ ಶುಗರ್ ಬಂದಿದೆ. ಅಮ್ಮ ತೂಕ ಇಳಿಸಬೇಕು ಅಂತ ಚಪಾತಿಯನ್ನೂ ಬಿಟ್ಟಿದ್ದಾರೆ. ಜಿಮ್‌ಗೆ ಹೋಗುವ ಚಿಕ್ಕಪ್ಪ ಮೊಟ್ಟೆ, ಪನೀರ್, ಸೊಪ್ಪು ಬಿಟ್ಟು ಬೇರೆ ಮುಟ್ಟುವುದಿಲ್ಲ. ಇದಕ್ಕೆಲ್ಲ ಕಾರಣ ಇಲ್ಲದೆ ಇಲ್ಲ. ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅಧ್ಯಯನ 2023ರಲ್ಲಿ ಹೇಳಿತು. ಭಾರತೀಯರಿಗೆ ಊಟದಿಂದ ಸಿಗುವ ಶಕ್ತಿಯಲ್ಲಿ ಸುಮಾರು 62% ಬರುವುದು ಕಾರ್ಬೋಹೈಡ್ರೇಟ್‌ನಿಂದಲೇ ಎಂದು ಅದೇ ಅಧ್ಯಯನದ 2025ರ ವರದಿ ತೋರಿಸಿತು. ಹಾಗಾಗಿ ದೊಡ್ಡವರು ಅನ್ನದ ಪಾಲು ಕಡಿಮೆ ಮಾಡುವುದು ಸರಿಯಾದ ದಾರಿಯೇ.

ತೊಡಕು ಶುರುವಾಗುವುದು ಅದೇ ಮನೆಯಲ್ಲಿ ನಾಲ್ಕು ವರ್ಷದ ಮಗು ಇದ್ದಾಗ. 'ನಮಗೆ ಕೆಟ್ಟದ್ದು ಅವನಿಗೆ ಹೇಗೆ ಒಳ್ಳೆಯದಾಗುತ್ತೆ? ಈಗಿನಿಂದಲೇ ಅಭ್ಯಾಸ ಮಾಡಿಸಿದರೆ ಮುಂದೆ ಶುಗರ್ ಬರಲ್ಲ ಅಲ್ವಾ?' ಎಂದು ಅಪ್ಪ-ಅಮ್ಮ ಕೇಳುತ್ತಾರೆ. ಕಾಳಜಿಯಿಂದ ಬಂದ ಪ್ರಶ್ನೆ ಇದು. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಆರೋಗ್ಯವಾಗಿರುವ ಪುಟ್ಟ ಮಗುವಿಗೆ ಲೋ-ಕಾರ್ಬ್ ಊಟ, ಅಂದರೆ ಕಾರ್ಬೋಹೈಡ್ರೇಟ್ ತುಂಬಾ ಕಡಿಮೆ ಮಾಡಿದ ಊಟ, ಬೇಡ. ಕಡಿಮೆ ಮಾಡಬೇಕಾದ್ದು ಸಕ್ಕರೆ, ಮೈದಾ ಮತ್ತು ಪ್ಯಾಕೆಟ್ ತಿಂಡಿ. ಅನ್ನ, ರಾಗಿ, ಬೇಳೆ, ಬಾಳೆಹಣ್ಣು ಆ ಸಾಲಿಗೆ ಸೇರುವುದಿಲ್ಲ. ಕೆಲವೇ ಕೆಲವು ಕಾಯಿಲೆಗಳಲ್ಲಿ ಮಾತ್ರ ಡಾಕ್ಟರೇ ಮಕ್ಕಳಿಗೆ ಇಂಥ ಊಟ ಬರೆದುಕೊಡುತ್ತಾರೆ. ಅದು ಬೇರೆ ವಿಷಯ, ಮುಂದೆ ಬರುತ್ತದೆ. ಯಾಕೆ ಹೀಗೆ ಅನ್ನುವುದಕ್ಕೆ ಬುಡದಿಂದಲೇ ಹೊರಡೋಣ.

ಕಾರ್ಬ್ ಅಂದರೆ ಯಾವುದೆಲ್ಲ?

ಊಟದಿಂದ ನಮಗೆ ಶಕ್ತಿ ಸಿಗುವುದು ಮುಖ್ಯವಾಗಿ ಮೂರು ಬಗೆಯಲ್ಲಿ. ಕಾರ್ಬೋಹೈಡ್ರೇಟ್, ಪ್ರೋಟೀನ್ ಮತ್ತು ಕೊಬ್ಬು. ಒಂದು ಗ್ರಾಂ ಕಾರ್ಬ್ ಅಥವಾ ಪ್ರೋಟೀನ್‌ನಿಂದ 4 ಕ್ಯಾಲೊರಿ ಸಿಗುತ್ತದೆ, ಒಂದು ಗ್ರಾಂ ಕೊಬ್ಬಿನಿಂದ 9.

ಕಾರ್ಬ್ ಅಂದ ಕೂಡಲೇ ನಮಗೆ ಅನ್ನ ನೆನಪಾಗುತ್ತದೆ. ಆದರೆ ಈ ಗುಂಪು ದೊಡ್ಡದು. ಚಹಾಕ್ಕೆ ಹಾಕುವ ಸಕ್ಕರೆ ಇದರಲ್ಲಿದೆ. ಅಕ್ಕಿ, ಗೋಧಿ, ರಾಗಿ, ಆಲೂಗಡ್ಡೆಯ ಪಿಷ್ಟ ಇದರಲ್ಲಿದೆ. ಹಣ್ಣಿನ ಸಿಹಿ, ಹಾಲಿನಲ್ಲಿರುವ ಲ್ಯಾಕ್ಟೋಸ್ ಕೂಡ ಕಾರ್ಬ್. ಸೊಪ್ಪು, ತರಕಾರಿ, ಕಾಳಿನ ನಾರು ಕೂಡ ಇದೇ ಗುಂಪಿನದು. ನಾರು ಹೆಚ್ಚಾಗಿ ಜೀರ್ಣವಾಗದೆ ಕರುಳಿಗೆ ಸಾಗುತ್ತದೆ, ಅಲ್ಲಿ ಮಲ ಸಲೀಸಾಗಿ ಹೋಗಲು ನೆರವಾಗುತ್ತದೆ.

ಪಿಷ್ಟವಾಗಲಿ ಸಕ್ಕರೆಯಾಗಲಿ ಕೊನೆಗೆ ಬಹುಪಾಲು ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಎಷ್ಟು ಬೇಗ ಸೇರುತ್ತದೆ, ಜೊತೆಗೆ ಇನ್ನೇನು ಬರುತ್ತದೆ ಅನ್ನುವುದರಲ್ಲಿ ವ್ಯತ್ಯಾಸವಿದೆ. ಕೋಲಾ ಕುಡಿದರೆ ಬರೀ ಸಕ್ಕರೆ ಸಿಗುತ್ತದೆ. ರಾಗಿ ಮುದ್ದೆ ಉಂಡರೆ ಪಿಷ್ಟದ ಜೊತೆ ನಾರು, ಕ್ಯಾಲ್ಸಿಯಂ, ಕಬ್ಬಿಣ ಎಲ್ಲ ಬರುತ್ತವೆ. ಎರಡನ್ನೂ 'ಕಾರ್ಬ್' ಅಂತ ಒಂದೇ ಹೆಸರಿನಲ್ಲಿ ಕರೆಯುವುದರಿಂದಲೇ ಅರ್ಧ ಗೊಂದಲ ಹುಟ್ಟಿಕೊಂಡಿದೆ.

ಎಷ್ಟಕ್ಕಿಂತ ಕಡಿಮೆಯಾದರೆ ಲೋ-ಕಾರ್ಬ್?

ಒಂದು ಇಡ್ಲಿ ಕಡಿಮೆ ತಿಂದರೆ ಅದು ಲೋ-ಕಾರ್ಬ್ ಆಗುವುದಿಲ್ಲ. ಅಮೆರಿಕದ ಮಕ್ಕಳ ತಜ್ಞರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2023ರಲ್ಲಿ ಇದೇ ವಿಷಯದ ಮೇಲೆ ಒಂದು ವರದಿ ಹೊರತಂದಿತು. ಅದರ ಲೆಕ್ಕದಲ್ಲಿ, ದಿನದ ಒಟ್ಟು ಶಕ್ತಿಯಲ್ಲಿ ಕಾರ್ಬ್‌ನ ಪಾಲು 26%ಗಿಂತ ಕಡಿಮೆಯಾದರೆ ಅದು ಲೋ-ಕಾರ್ಬ್. ದಿನಕ್ಕೆ 20ರಿಂದ 50 ಗ್ರಾಂ ಮಾತ್ರ ಅಂದರೆ ಅತಿ ಕಡಿಮೆ. ಕೊಬ್ಬು ತುಂಬಾ ಹೆಚ್ಚಿರುವ ಕೀಟೋ ಊಟ ಈ ಕೊನೆಯ ಗುಂಪಿಗೆ ಸೇರುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಮತ್ತು ಐಸಿಎಂಆರ್ 2020ರಲ್ಲಿ ಕೊಟ್ಟ ಪಟ್ಟಿಯ ಪ್ರಕಾರ, ಒಂದು ವರ್ಷ ದಾಟಿದ ಮಗುವಿಗೂ ದೊಡ್ಡವರಿಗೂ ದಿನಕ್ಕೆ 130 ಗ್ರಾಂ ಕಾರ್ಬ್ ಬೇಕು. ಪುಟ್ಟ ಮಗುವಿಗೂ ದೊಡ್ಡವರಷ್ಟೇ ಯಾಕೆ ಅಂತ ಅನ್ನಿಸಬಹುದು. ಈ ಅಂಕಿ ಬಂದಿರುವುದು ಮೆದುಳು ದಿನಕ್ಕೆ ಬಳಸುವ ಗ್ಲೂಕೋಸ್ ಲೆಕ್ಕದಿಂದ. ಈ ವಿಷಯದಲ್ಲಿ ಮಗುವಿನ ಮೆದುಳು ದೊಡ್ಡವರ ಮೆದುಳಿಗಿಂತ ಹಿಂದೆ ಇಲ್ಲ.

130 ಗ್ರಾಂ ಅಂದರೆ ತಟ್ಟೆಯಲ್ಲಿ ಎಷ್ಟು? ನಾಲ್ಕೈದು ವರ್ಷದ ಮಗುವಿನ ಒಂದು ಸಾಮಾನ್ಯ ದಿನ ನೋಡೋಣ. ಬೆಳಿಗ್ಗೆ ಎರಡು ಸಣ್ಣ ಇಡ್ಲಿ, ಸುಮಾರು 20 ಗ್ರಾಂ ಕಾರ್ಬ್. 150 ಮಿ.ಲೀ. ಹಾಲು, ಸಕ್ಕರೆ ಹಾಕದೆ, 7 ಗ್ರಾಂ. ಮಧ್ಯಾಹ್ನ ಒಂದು ಸಣ್ಣ ಬಟ್ಟಲು ಅನ್ನ 28, ಅದರ ಮೇಲೆ ಹಾಕಿದ ಸಾರಿನ ಬೇಳೆ 8. ಸಂಜೆ ಒಂದು ಬಾಳೆಹಣ್ಣು, ಸುಮಾರು 20. ರಾತ್ರಿ ನಲವತ್ತು ಗ್ರಾಂ ಹಿಟ್ಟಿನ ಪುಟ್ಟ ಮುದ್ದೆ 27, ಉಪ್ಸಾರಿನ ಕಾಳು 8. ದಿನದ ಪಲ್ಯ, ಮೊಸರು ಸೇರಿ ಇನ್ನೊಂದು 8. ಎಲ್ಲ ಕೂಡಿದರೆ 125ರ ಆಸುಪಾಸು.

ಇದರಲ್ಲಿ ಅತಿ ಅನ್ನುವಂಥದ್ದು ಏನೂ ಇಲ್ಲ, ಅಲ್ವಾ? ನಮ್ಮ ಮನೆಗಳ ಮಾಮೂಲಿ ಊಟ ಇದು. ಈಗ ಇದೇ ಮಗುವಿಗೆ 20 ಗ್ರಾಂ ಮಿತಿ ಹಾಕಿದರೆ ಆ ಬಾಳೆಹಣ್ಣಿಗೇ ದಿನದ ಲೆಕ್ಕ ಮುಗಿಯಿತು. ಹಾಲು, ಬೇಳೆ, ಇಡ್ಲಿ ಯಾವುದಕ್ಕೂ ಜಾಗ ಇಲ್ಲ.

ಮಗುವಿನ ಮೆದುಳಿಗೆ ಬೇಕಾದ ಗ್ಲೂಕೋಸ್

ದೊಡ್ಡವರ ಮೆದುಳು ಮೈತೂಕದ 2% ಮಾತ್ರ. ಆದರೂ ಸುಮ್ನೆ ಕುಳಿತಿರುವಾಗ ದೇಹ ಬಳಸುವ ಶಕ್ತಿಯಲ್ಲಿ ಸುಮಾರು 20% ಅದಕ್ಕೇ ಬೇಕು. ಮಕ್ಕಳಲ್ಲಿ ಈ ಲೆಕ್ಕ ಇನ್ನೂ ಮೇಲೆ ಹೋಗುತ್ತದೆ. ಮೆದುಳಿನ ಸ್ಕ್ಯಾನ್‌ಗಳನ್ನು ಇಟ್ಟುಕೊಂಡು ಅಮೆರಿಕದ ಸಂಶೋಧಕರು 2014ರಲ್ಲಿ ಹುಟ್ಟಿನಿಂದ ದೊಡ್ಡವರಾಗುವವರೆಗಿನ ಬಳಕೆಯನ್ನು ಲೆಕ್ಕ ಹಾಕಿದರು. ಅದು ಅತಿ ಹೆಚ್ಚಿದ್ದದ್ದು ಸುಮಾರು ಐದನೇ ವಯಸ್ಸಿನಲ್ಲಿ. ಆಗ ದೇಹ ವಿಶ್ರಾಂತಿಯಲ್ಲಿದ್ದಾಗ ಬಳಸುವ ಶಕ್ತಿಯ ಮೂರರಲ್ಲಿ ಎರಡು ಪಾಲು ಮೆದುಳಿಗೇ ಹೋಗುತ್ತದೆ. ಓಡಾಟ, ಆಟ ಎಲ್ಲ ಸೇರಿಸಿ ಇಡೀ ದಿನದ ಶಕ್ತಿ ಲೆಕ್ಕ ಹಾಕಿದರೂ 40%ಗಿಂತ ಜಾಸ್ತಿ. ಮಾತು ಕಲಿಯುವುದು, ಅಕ್ಷರ ಗುರುತಿಸುವುದು, ಕೋಪ ತಡೆದುಕೊಳ್ಳುವುದು, ಇದೆಲ್ಲ ಮೆದುಳಿನಲ್ಲಿ ಕೂಡಿಕೊಳ್ಳುವ ವಯಸ್ಸು ಅದು. ಈ ಕೆಲಸಕ್ಕೆ ಮೆದುಳು ಮುಖ್ಯವಾಗಿ ಬಳಸುವುದು ಗ್ಲೂಕೋಸನ್ನೇ.

ಗ್ಲೂಕೋಸ್ ಸಿಗದಿದ್ದರೆ? ದೇಹ ಕೈಕಟ್ಟಿ ಕೂರುವುದಿಲ್ಲ. ಊಟ ಮಾಡಿದಾಗ ಉಳಿದ ಗ್ಲೂಕೋಸನ್ನು ಯಕೃತ್ತು, ಅಂದರೆ ಲಿವರ್, ಗ್ಲೈಕೋಜೆನ್ ಆಗಿ ಕೂಡಿಟ್ಟುಕೊಂಡಿರುತ್ತದೆ. ಅಡುಗೆಮನೆಯ ಅಕ್ಕಿ ಡಬ್ಬಿ ಇದ್ದ ಹಾಗೆ ಅದು. ದೊಡ್ಡವರದು ದೊಡ್ಡ ಡಬ್ಬಿ, ಉಣ್ಣುವವರು ಕಡಿಮೆ. ಮಗುವಿನದು ಪುಟ್ಟ ಡಬ್ಬಿ, ಉಣ್ಣುವವರು ಜಾಸ್ತಿ. ಒಂದು ಕಿಲೋ ಮೈತೂಕಕ್ಕೆ ಇಷ್ಟು ಅಂತ ನೋಡಿದರೆ, ಪುಟ್ಟ ಮಗು ಬಳಸುವ ಗ್ಲೂಕೋಸ್ ದೊಡ್ಡವರದರ ಎರಡರಿಂದ ಮೂರು ಪಟ್ಟು. ಹಾಗಾಗಿ ಡಬ್ಬಿ ಬೇಗ ಖಾಲಿಯಾಗುತ್ತದೆ.

ಡಬ್ಬಿ ಖಾಲಿಯಾದ ಮೇಲೆ ದೇಹ ಎರಡು ಕೆಲಸ ಮಾಡುತ್ತದೆ. ಮಾಂಸಖಂಡದ ಪ್ರೋಟೀನ್ ಒಡೆದು ಅದರಿಂದ ಗ್ಲೂಕೋಸ್ ತಯಾರಿಸುತ್ತದೆ. ಕೊಬ್ಬನ್ನು ಕರಗಿಸಿ ಕೀಟೋನ್ ಎಂಬ ವಸ್ತು ಮಾಡುತ್ತದೆ. ಮೆದುಳು ಕೀಟೋನನ್ನೂ ಬಳಸಬಲ್ಲದು. ಈ ಸ್ಥಿತಿಗೇ ಕೀಟೋಸಿಸ್ ಅನ್ನುತ್ತಾರೆ. ತೂಕ ಇಳಿಸುವ ದೊಡ್ಡವರಿಗೆ ಇದೇ ಬೇಕಾಗಿರುವುದು. ಬೆಳೆಯುವ ಮಗುವಿನ ವಿಷಯ ಹಾಗಲ್ಲ. ಎತ್ತರ ಬೆಳೆಯಲು, ಸ್ನಾಯು ಕಟ್ಟಲು ಬೇಕಾದ ಪ್ರೋಟೀನ್ ಒಲೆಗೆ ಸೌದೆಯಾದರೆ ಬೆಳವಣಿಗೆಗೆ ಏನು ಉಳಿಯುತ್ತದೆ? ಊಟದಲ್ಲಿ ಸಾಕಷ್ಟು ಕಾರ್ಬ್ ಇದ್ದರೆ ಪ್ರೋಟೀನ್ ತನ್ನ ಕೆಲಸಕ್ಕೇ ಉಳಿದುಕೊಳ್ಳುತ್ತದೆ.

ಮಕ್ಕಳ ಈ ಪುಟ್ಟ ಉಳಿತಾಯ ಎಷ್ಟು ಬೇಗ ಕರಗುತ್ತದೆ ಅನ್ನುವುದನ್ನು ಬಿಹಾರದ ಮುಜಫರ್‌ಪುರದಲ್ಲಿ ದೇಶ ನೋಡಿದೆ. ಲಿಚಿ ಹಣ್ಣಿನ ಕಾಲದಲ್ಲಿ ಅಲ್ಲಿ ಪ್ರತಿ ವರ್ಷ ಮಕ್ಕಳು ಬೆಳಗಿನ ಜಾವ ಫಿಟ್ಸ್ ಬಂದು ಆಸ್ಪತ್ರೆ ಸೇರುತ್ತಿದ್ದರು. 2014ರ ಒಂದೇ ಹಂಗಾಮಿನಲ್ಲಿ 390 ಮಕ್ಕಳು ಅಲ್ಲಿನ ಎರಡು ಆಸ್ಪತ್ರೆಗಳಿಗೆ ಬಂದರು, 122 ಮಕ್ಕಳು ತೀರಿಕೊಂಡರು. ಭಾರತ ಮತ್ತು ಅಮೆರಿಕದ ತಜ್ಞರು ಸೇರಿ ಹುಡುಕಿದಾಗ ಎರಡು ಕಾರಣ ಒಟ್ಟಿಗೆ ಸಿಕ್ಕವು. ಒಂದು, ಲಿಚಿಯಲ್ಲಿರುವ ವಿಷದ ಅಂಶ. ಅದು ದೇಹ ಹೊಸದಾಗಿ ಗ್ಲೂಕೋಸ್ ಮಾಡುವುದನ್ನೂ ಕೊಬ್ಬು ಬಳಸುವುದನ್ನೂ ತಡೆಯುತ್ತದೆ. ಇನ್ನೊಂದು, ಹಿಂದಿನ ರಾತ್ರಿ ಊಟ ಬಿಟ್ಟಿದ್ದು. ತಜ್ಞರು ಕೊಟ್ಟ ಸಲಹೆಗಳಲ್ಲಿ ಒಂದು ತುಂಬಾ ಸರಳವಾಗಿತ್ತು: ಮಕ್ಕಳನ್ನು ಖಾಲಿ ಹೊಟ್ಟೆಯಲ್ಲಿ ಮಲಗಿಸಬೇಡಿ.

ಲೋ-ಕಾರ್ಬ್ ಊಟ ಕೊಟ್ಟರೆ ಹೀಗೆಲ್ಲ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ವಿಷವೂ ಇತ್ತು. ಆದರೆ ಒಂದು ರಾತ್ರಿಯ ಊಟ ತಪ್ಪಿದರೆ ಮಗುವಿನ ಬಳಿ ಉಳಿಯುವ ಆಸರೆ ಎಷ್ಟು ಕಡಿಮೆ ಎಂಬುದು ಅಲ್ಲಿ ಕಂಡಿತು. ದೊಡ್ಡವರ ಹಾಗೆ ಹದಿನಾರು ಗಂಟೆ ಉಪವಾಸ, ರಾತ್ರಿ ಊಟ ಬಿಡುವುದು ಇವೆಲ್ಲ ಪುಟ್ಟ ಮಕ್ಕಳಿಗೆ ಯಾಕೆ ಬೇಡ ಅನ್ನುವುದಕ್ಕೆ ಇದು ಸಾಕು.

ಕೆಲವರು ಒಂದು ವಾದ ಮುಂದಿಡುತ್ತಾರೆ. ಎದೆಹಾಲಿನಲ್ಲಿ ಕೊಬ್ಬೇ ಜಾಸ್ತಿ, ಹಸುಗೂಸಿನ ಮೆದುಳು ಕೀಟೋನನ್ನು ಚೆನ್ನಾಗಿ ಬಳಸುತ್ತದೆ, ಹಾಗಾಗಿ ಪ್ರಕೃತಿಯೇ ಮಗುವಿಗೆ ಕೀಟೋ ಕೊಟ್ಟಿದೆ ಅಂತ. ಮೊದಲೆರಡು ಮಾತು ನಿಜ. ಕೊನೆಯದು ತಪ್ಪು. 100 ಮಿ.ಲೀ. ಎದೆಹಾಲಿನಲ್ಲಿ ಸುಮಾರು 7 ಗ್ರಾಂ ಲ್ಯಾಕ್ಟೋಸ್ ಇದೆ. ಹಸುವಿನ ಹಾಲಿನಲ್ಲಿ 5 ಗ್ರಾಂ ಕೂಡ ಇಲ್ಲ. ಎದೆಹಾಲಿನ ಶಕ್ತಿಯಲ್ಲಿ ಸುಮಾರು 40% ಕಾರ್ಬ್‌ನದೇ. ಲೋ-ಕಾರ್ಬ್‌ಗೆ ಹಾಕಿದ 26% ಗೆರೆಗಿಂತ ಇದು ಎಷ್ಟೋ ಮೇಲಿದೆ.

ಕಾರ್ಬ್ ತೆಗೆದರೆ ತಟ್ಟೆಯಲ್ಲಿ ಉಳಿಯುವುದೇನು?

ಅಕ್ಕಿ ಬೇಡ ಅಂದರೆ ಬೇಳೆ ಇದೆಯಲ್ಲ, ಅದು ಪ್ರೋಟೀನ್ ತಾನೇ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. 100 ಗ್ರಾಂ ಒಣ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಅದರ ಜೊತೆಗೆ 55 ಗ್ರಾಂ ಕಾರ್ಬ್ ಇದೆ. ಹೆಸರುಕಾಳು, ಕಡಲೆಕಾಳು, ಅಲಸಂದೆ ಎಲ್ಲದರ ಕಥೆಯೂ ಹೆಚ್ಚುಕಡಿಮೆ ಇದೇ. ಅಂದರೆ ಸಸ್ಯಾಹಾರಿ ಮನೆಯಲ್ಲಿ ನಿಜವಾಗಿ ಲೋ-ಕಾರ್ಬ್ ಮಾಡಬೇಕಾದರೆ ಬೇಳೆಕಾಳನ್ನೂ ಬಿಡಬೇಕು. ಅಲ್ಲಿಗೆ ಮಗುವಿನ ಪ್ರೋಟೀನ್, ಕಬ್ಬಿಣ, ಫೋಲೇಟ್, ನಾರು ಎಲ್ಲಕ್ಕೂ ಒಂದೇ ಏಟು. ಉಳಿಯುವುದು ಪನೀರ್, ತುಪ್ಪ, ತೆಂಗಿನಕಾಯಿ, ಬಾದಾಮಿ, ಒಂದಿಷ್ಟು ಸೊಪ್ಪು. ಇಷ್ಟರಲ್ಲಿ ಮೂರು ವರ್ಷದ ಮಗುವಿನ ಹೊಟ್ಟೆ ತುಂಬಿಸಿ ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ.

ರಾಗಿಯನ್ನೇ ತೆಗೆದುಕೊಳ್ಳಿ. 100 ಗ್ರಾಂ ರಾಗಿಯಲ್ಲಿ 67 ಗ್ರಾಂ ಕಾರ್ಬ್ ಇದೆ ಅಂತ ಓದಿ ಯಾರೋ ಅದನ್ನು ಕೆಟ್ಟವರ ಪಟ್ಟಿಗೆ ಸೇರಿಸಬಹುದು. ಅದೇ 100 ಗ್ರಾಂನಲ್ಲಿ 11 ಗ್ರಾಂ ನಾರು ಇದೆ, 360 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಕ್ಯಾಲ್ಸಿಯಂ 10 ಮಿಲಿಗ್ರಾಂ ಕೂಡ ಇರುವುದಿಲ್ಲ. ಹಲ್ಲು ಬರುವ ವಯಸ್ಸಿನ ಕೂಸಿಗೆ ನಮ್ಮ ಅಜ್ಜಿಯಂದಿರು ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ ಸರಿ ಹಿಟ್ಟು ಮಾಡುತ್ತಿದ್ದರು. ಮೊಳಕೆ ಕಟ್ಟಿದಾಗ ಕಬ್ಬಿಣ, ಕ್ಯಾಲ್ಸಿಯಂ ಹೀರಿಕೊಳ್ಳುವುದಕ್ಕೆ ಅಡ್ಡಬರುವ ಫೈಟೇಟ್ ಎಂಬ ಅಂಶ ಕಡಿಮೆಯಾಗುತ್ತದೆ, ಸರಿಯೂ ತೆಳ್ಳಗೆ ಬರುತ್ತದೆ. ಎಷ್ಟು ಒಳ್ಳೆಯ ಪದ್ಧತಿ ನೋಡಿ.

ನಾರಿನ ಮಾತನ್ನು ಸ್ವಲ್ಪ ಜೋರಾಗಿಯೇ ಹೇಳಬೇಕು. 2ರಿಂದ 5 ವರ್ಷದ ಮಗುವಿಗೆ ದಿನಕ್ಕೆ ಕನಿಷ್ಠ 15 ಗ್ರಾಂ, 6ರಿಂದ 9 ವರ್ಷದವರಿಗೆ 21 ಗ್ರಾಂ ನಾರು ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಧಾನ್ಯ, ಕಾಳು, ಹಣ್ಣು ಬಿಟ್ಟು ಇಷ್ಟು ನಾರು ತುಂಬಿಸುವುದು ಭಾರಿ ಕಷ್ಟ. ಮಕ್ಕಳಲ್ಲಿ ಮಲಬದ್ಧತೆ ಮೊದಲೇ ಸಾಮಾನ್ಯ. ಒಂದು ಸಲ ನೋವಾದರೆ ಮಗು ಹೆದರಿ ಮಲ ತಡೆಹಿಡಿಯುತ್ತದೆ, ತಡೆದಷ್ಟೂ ಗಟ್ಟಿಯಾಗುತ್ತದೆ, ಆಮೇಲೆ ಇನ್ನೂ ನೋವು. ಇದನ್ನು ಅನುಭವಿಸಿದ ಮನೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ಎರಡು ಸಣ್ಣ ಎಚ್ಚರಿಕೆ. ಅನ್ನದ ಬದಲು ತಿನ್ನಲಿ ಅಂತ ಬಾದಾಮಿ, ಕಡಲೆಬೀಜವನ್ನು ಇಡಿಯಾಗಿ ಕೈಗೆ ಕೊಡಬೇಡಿ. ಐದು ವರ್ಷದೊಳಗಿನ ಮಕ್ಕಳಿಗೆ ಅದು ಗಂಟಲಿಗೆ, ಶ್ವಾಸನಾಳಕ್ಕೆ ಸಿಕ್ಕಿಕೊಳ್ಳಬಹುದು. ಪುಡಿ ಮಾಡಿ ಕೊಡಿ. ಹಾಗೆಯೇ ಹಾಲಿನ ಬದಲು ಬಾದಾಮಿ ಹಾಲಿನ ಪ್ಯಾಕೆಟ್ ಕೊಡುವವರಿದ್ದಾರೆ. ಅದರಲ್ಲಿ ಪ್ರೋಟೀನ್ ಬಹಳ ಕಡಿಮೆ. ಪುಟ್ಟ ಮಗುವಿನ ಮಟ್ಟಿಗೆ ಹಾಲಿನ ಜಾಗ ಅದು ತುಂಬುವುದಿಲ್ಲ.

ಆಸ್ಪತ್ರೆಯಲ್ಲೇ ಮಕ್ಕಳಿಗೆ ಕೀಟೋ ಕೊಡುತ್ತಾರಲ್ಲ?

ಹೌದು, ಕೊಡುತ್ತಾರೆ. ಕೀಟೋ ಊಟ ಹುಟ್ಟಿದ್ದೇ ಮೂರ್ಛೆ ರೋಗಕ್ಕೆ, ತೂಕ ಇಳಿಸುವುದಕ್ಕಲ್ಲ. ಉಪವಾಸ ಮಾಡಿದಾಗ ಫಿಟ್ಸ್ ಕಡಿಮೆಯಾಗುತ್ತದೆ ಎಂಬುದು ಹಳೆಯ ಕಾಲದಿಂದ ಗೊತ್ತಿತ್ತು. ಆದರೆ ಎಷ್ಟು ದಿನ ಅಂತ ಉಪವಾಸ ಇರಿಸುವುದು? 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಡಾಕ್ಟರ್ ರಸೆಲ್ ವೈಲ್ಡರ್ ಒಂದು ದಾರಿ ಸೂಚಿಸಿದರು. ಕೊಬ್ಬು ತುಂಬಾ ಹೆಚ್ಚು, ಕಾರ್ಬ್ ತುಂಬಾ ಕಡಿಮೆ ಇರುವ ಊಟ ಕೊಟ್ಟರೆ, ಉಪವಾಸವಿಲ್ಲದೆಯೇ ದೇಹದಲ್ಲಿ ಕೀಟೋನ್ ಹೆಚ್ಚುತ್ತದೆ ಅಂತ. 'ಕೀಟೋಜೆನಿಕ್' ಎಂಬ ಹೆಸರನ್ನೂ ಅವರೇ ಇಟ್ಟರು. ಆಮೇಲೆ ಒಳ್ಳೆಯ ಮಾತ್ರೆಗಳು ಬಂದು ಈ ಊಟ ಹಿಂದೆ ಸರಿಯಿತು. ಮಾತ್ರೆಗೆ ಬಗ್ಗದ ಮೂರ್ಛೆ ರೋಗ ಇರುವ ಮಕ್ಕಳಿಗಾಗಿ 1990ರ ದಶಕದಲ್ಲಿ ಮತ್ತೆ ಬಳಕೆಗೆ ಬಂತು.

ಇದು ನಿಜವಾಗಿ ಕೆಲಸ ಮಾಡುತ್ತದೆ. ಲಂಡನ್ನಿನಲ್ಲಿ 2ರಿಂದ 16 ವರ್ಷದ 145 ಮಕ್ಕಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಊಟ ಮಾಡಿದ 38% ಮಕ್ಕಳಿಗೆ ಮೂರು ತಿಂಗಳಲ್ಲಿ ಫಿಟ್ಸ್ ಅರ್ಧಕ್ಕಿಂತ ಕಡಿಮೆಯಾಯಿತು. ಮಾಮೂಲಿ ಊಟದ ಗುಂಪಿನಲ್ಲಿ ಹಾಗಾದದ್ದು 6% ಮಕ್ಕಳಿಗೆ ಮಾತ್ರ. ದೆಹಲಿಯ ಏಮ್ಸ್‌ನ ತಜ್ಞರೂ ನಮ್ಮ ಮಕ್ಕಳ ಮೇಲೆ ಸ್ವಲ್ಪ ಸಡಿಲವಾದ ಬಗೆಯೊಂದನ್ನು ಪ್ರಯತ್ನಿಸಿ ಒಳ್ಳೆಯ ಫಲಿತಾಂಶ ಕಂಡರು. ಮೆದುಳಿಗೆ ಗ್ಲೂಕೋಸ್ ಸಾಗಿಸುವ ವ್ಯವಸ್ಥೆಯಲ್ಲೇ ಹುಟ್ಟಿನಿಂದ ದೋಷ ಇರುವ ಗ್ಲುಟ್-1 ಕೊರತೆಯಂಥ ಅಪರೂಪದ ಕಾಯಿಲೆಗಳಲ್ಲಂತೂ ಕೀಟೋ ಊಟವೇ ಮೊದಲ ಚಿಕಿತ್ಸೆ.

ಆದರೆ ಅದನ್ನು ಹೇಗೆ ಕೊಡುತ್ತಾರೆ ಅನ್ನುವುದನ್ನು ನೋಡಬೇಕು. ಹಳೆಯ ಕಟ್ಟುನಿಟ್ಟಿನ ಬಗೆಯಲ್ಲಿ ಒಂದು ಗ್ರಾಂ ಪ್ರೋಟೀನ್-ಕಾರ್ಬ್ ಸೇರಿದ್ದಕ್ಕೆ ನಾಲ್ಕು ಗ್ರಾಂ ಕೊಬ್ಬು. ಲೆಕ್ಕ ಹಾಕಿದರೆ ಶಕ್ತಿಯ 90% ಕೊಬ್ಬಿನಿಂದಲೇ. ಅಡುಗೆಮನೆಯಲ್ಲಿ ಗ್ರಾಂ ತೂಗುವ ತಕ್ಕಡಿ ಇಟ್ಟುಕೊಂಡು ಬೆಣ್ಣೆ, ಪನೀರ್, ಬೀನ್ಸ್ ಎಲ್ಲವನ್ನೂ ತೂಗಬೇಕು. ಬಟ್ಟಲಿಗೆ ಅಂಟಿದ ಎಣ್ಣೆಯನ್ನೂ ಬಳಿದು ಮಗುವಿಗೆ ಉಣ್ಣಿಸಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಜ್ವರದ ಸಿರಪ್‌ನಲ್ಲಿರುವ ಸಕ್ಕರೆ ಕೂಡ ಲೆಕ್ಕಕ್ಕೆ ಬರುತ್ತದೆ. ವಿಟಮಿನ್, ಕ್ಯಾಲ್ಸಿಯಂ ಬೇರೆಯಾಗಿ ಕೊಡಲೇಬೇಕು.

ಶುರು ಮಾಡುವ ಮುಂಚೆ ರಕ್ತ, ಮೂತ್ರ ಪರೀಕ್ಷೆ ಇರುತ್ತದೆ. ಇದು ಸುಮ್ನೆ ಅಲ್ಲ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಕೊಬ್ಬನ್ನು ಶಕ್ತಿಯಾಗಿ ಬದಲಿಸಲು ಆಗದ ದೋಷ ಇರುತ್ತದೆ. ಹೊರಗಿನಿಂದ ನೋಡಿದರೆ ಮಗು ಆರೋಗ್ಯವಾಗಿಯೇ ಇರಬಹುದು. ಅಂಥ ಮಗುವಿಗೆ ಕೀಟೋ ಊಟ ಕೊಟ್ಟರೆ ಪ್ರಾಣಕ್ಕೇ ಅಪಾಯ. ಶುರುವಾದ ಮೇಲೂ ನರರೋಗ ತಜ್ಞರು, ಆಹಾರ ತಜ್ಞರು ಸೇರಿ ಎತ್ತರ, ತೂಕ, ಕೊಲೆಸ್ಟರಾಲ್, ಕಿಡ್ನಿ ನೋಡುತ್ತಲೇ ಇರುತ್ತಾರೆ. ಇಷ್ಟೆಲ್ಲ ಕಾವಲಿನ ನಡುವೆಯೂ ಮಲಬದ್ಧತೆ, ಕಿಡ್ನಿ ಕಲ್ಲು, ಕೊಲೆಸ್ಟರಾಲ್ ಏರಿಕೆ, ಮೂಳೆ ಸವೆತ, ಎತ್ತರ ಕುಂಠಿತವಾಗುವುದು ಕೆಲವು ಮಕ್ಕಳಲ್ಲಿ ಕಾಣುತ್ತದೆ. ದಿನಕ್ಕೆ ಹತ್ತಾರು ಸಲ ಫಿಟ್ಸ್ ಬರುವ ಮಗುವಿನ ಮನೆಯವರು ಇದನ್ನು ಒಪ್ಪಿಕೊಳ್ಳುತ್ತಾರೆ. ಲಾಭ ಅಷ್ಟು ದೊಡ್ಡದು. ಅವರಿಗೂ ಸಾಮಾನ್ಯವಾಗಿ ಎರಡು ವರ್ಷದ ಹೊತ್ತಿಗೆ, ಫಿಟ್ಸ್ ಹತೋಟಿಯಲ್ಲಿದ್ದರೆ, ನಿಧಾನವಾಗಿ ಬಿಡಿಸಲು ನೋಡುತ್ತಾರೆ.

ಯಾವ ಕಾಯಿಲೆಯೂ ಇಲ್ಲದ ಮಗುವಿಗೆ ಈ ಲಾಭ ಇಲ್ಲ. ಅಪಾಯ ಮಾತ್ರ ಪಾಲಿಗೆ ಬರುತ್ತದೆ. ಆಟಿಸಂ ಇರುವ ಮಕ್ಕಳ ತಂದೆತಾಯಿಗೂ ಈ ಊಟದ ಆಸೆ ತೋರಿಸುವವರು ಇದ್ದಾರೆ. ಆಟಿಸಂಗೆ ಇದನ್ನು ಚಿಕಿತ್ಸೆ ಎನ್ನುವಷ್ಟು ಗಟ್ಟಿ ಪುರಾವೆ ಇಲ್ಲ. ಆ ಮಕ್ಕಳಲ್ಲಿ ಅನೇಕರು ಮೊದಲೇ ಕೆಲವೇ ತಿನಿಸು ತಿನ್ನುವವರು. ಇರುವುದನ್ನೂ ಕಿತ್ತುಕೊಂಡರೆ ಕಷ್ಟ ಹೆಚ್ಚುತ್ತದೆ.

ಸಕ್ಕರೆ ಕಾಯಿಲೆ ಇರುವ ಮಗುವಿಗೆ?

ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಟೈಪ್ 1 ಎಂಬ ಬಗೆ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವುದು ಇನ್ಸುಲಿನ್. ಇಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಅದನ್ನು ತಯಾರಿಸುವ ಜೀವಕೋಶಗಳನ್ನು ನಾಶ ಮಾಡುತ್ತದೆ. ಸಿಹಿ ಜಾಸ್ತಿ ತಿಂದಿದ್ದರಿಂದ ಬಂದದ್ದಲ್ಲ. ಅಮ್ಮನ ತಪ್ಪೂ ಅಲ್ಲ. ಅನ್ನ ಬಿಟ್ಟರೆ ಇನ್ಸುಲಿನ್ ಬೇಡ ಎಂದು ಹೇಳುವ ನೆಂಟರು, ಪರಿಚಯದವರು ಎಲ್ಲ ಕಡೆ ಇರುತ್ತಾರೆ. ಆ ಮಾತು ಕೇಳಿ ಇನ್ಸುಲಿನ್ ನಿಲ್ಲಿಸಬೇಡಿ. ಏನೂ ತಿನ್ನದಿದ್ದರೂ ಈ ಮಗುವಿಗೆ ಇನ್ಸುಲಿನ್ ಬೇಕೇ ಬೇಕು. ಇನ್ಸುಲಿನ್ ಇಲ್ಲದಿದ್ದರೆ ಕೀಟೋನ್ ಮಿತಿಮೀರಿ ಏರಿ ರಕ್ತ ಆಮ್ಲವಾಗುತ್ತದೆ. ಕೀಟೋಅಸಿಡೋಸಿಸ್ ಎಂಬ ಈ ಸ್ಥಿತಿ ಜೀವ ತೆಗೆಯಬಲ್ಲದು. ಮೇಲೆ ಹೇಳಿದ ಕೀಟೋಸಿಸ್‌ಗೂ ಇದಕ್ಕೂ ಹೆಸರು ಹತ್ತಿರ, ತೀವ್ರತೆಯಲ್ಲಿ ಮಾತ್ರ ಅಜಗಜಾಂತರ.

ಇನ್ಸುಲಿನ್ ಕೊಡುತ್ತಾ ಕಾರ್ಬ್ ತುಂಬಾ ಇಳಿಸಿದರೆ ಇನ್ನೊಂದು ಕಡೆಯ ಅಪಾಯ. ಸಕ್ಕರೆ ಥಟ್ಟನೆ ಕುಸಿಯಬಹುದು. ಅದಕ್ಕೇ ಅಮೆರಿಕದ ಮಕ್ಕಳ ತಜ್ಞರ 2023ರ ವರದಿ, ಟೈಪ್ 1 ಇರುವ ಮಕ್ಕಳಿಗೆ ಲೋ-ಕಾರ್ಬ್ ಊಟವನ್ನು ಸಾಮಾನ್ಯ ಸಲಹೆಯಾಗಿ ಕೊಡಬಾರದು, ತಜ್ಞರ ಹತ್ತಿರದ ನಿಗಾ ಇದ್ದರೆ ಮಾತ್ರ ಎಂದು ಹೇಳಿತು. ಮಕ್ಕಳ ಸಕ್ಕರೆ ಕಾಯಿಲೆಯ ಅಂತರರಾಷ್ಟ್ರೀಯ ತಜ್ಞರ ಸಂಘ ಇಸ್ಪ್ಯಾಡ್ ಕೂಡ ಶಕ್ತಿಯ 40ರಿಂದ 50% ಕಾರ್ಬ್‌ನಿಂದ ಬರಲಿ ಎನ್ನುತ್ತದೆ. ಕಾರ್ಬ್ ಎಣಿಸಿ, ಅದಕ್ಕೆ ತಕ್ಕ ಇನ್ಸುಲಿನ್ ಕೊಡುವುದನ್ನು ಕಲಿಯುವುದು ಇಲ್ಲಿನ ಸರಿಯಾದ ದಾರಿ.

ಮಗು ದಪ್ಪ ಇದ್ದರೆ?

ಲೋ-ಕಾರ್ಬ್ ಮತ್ತು ತೂಕದ ಮೇಲಿನ ಮಕ್ಕಳ ಅಧ್ಯಯನಗಳು ಬಹುತೇಕ ನಡೆದಿರುವುದು ಹದಿಹರೆಯದವರ ಮೇಲೆ. ಅದನ್ನು ತಂದು ನಾಲ್ಕು ವರ್ಷದ ಕೂಸಿಗೆ ಹಚ್ಚುವಂತಿಲ್ಲ. ಪುಟ್ಟ ಮಗುವಿನ ವಿಷಯದಲ್ಲಿ ಎಷ್ಟೋ ಸಲ ತೂಕ ಇಳಿಸುವ ಗುರಿಯೇ ಇರುವುದಿಲ್ಲ. ತೂಕ ಇದ್ದಲ್ಲೇ ನಿಂತು ಎತ್ತರ ಬೆಳೆದರೆ ಸಾಕು. ತಟ್ಟೆಯಿಂದ ಇಡೀ ಒಂದು ಗುಂಪನ್ನು ತೆಗೆದು, 'ಇದು ಕೆಟ್ಟದ್ದು, ಮುಟ್ಟಬೇಡ' ಎಂದು ದಿನಾ ಹೇಳುತ್ತಿದ್ದರೆ ಮಗುವಿಗೆ ಊಟ ಅಂದರೆ ಭಯ ಹುಟ್ಟಬಹುದು. ಕದ್ದು ತಿನ್ನುವುದನ್ನೂ ಕಲಿಯಬಹುದು.

ಇನ್ನೊಂದು ಕಡೆಯನ್ನೂ ನೋಡಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (ಎನ್‌ಎಫ್‌ಎಚ್‌ಎಸ್-5) ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರರಲ್ಲಿ 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ, 33 ಮಕ್ಕಳಿಗೆ ತಕ್ಕ ತೂಕ ಇಲ್ಲ, 65ಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆ. ದೊಡ್ಡವರ ಬೊಜ್ಜಿಗೆ ಹುಟ್ಟಿದ ಸಲಹೆಯನ್ನು ಇಂಥ ಮಕ್ಕಳಿರುವ ನಾಡಿನಲ್ಲಿ ಹಂಚುವ ಮುಂಚೆ ಸ್ವಲ್ಪ ನಿಂತು ಯೋಚಿಸಬೇಕು.

ಕಡಿಮೆ ಮಾಡಬೇಕಾದ್ದು ಇಲ್ಲಿದೆ

2025ರ ಮೇನಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ 'ಶುಗರ್ ಬೋರ್ಡ್', ಅಂದರೆ ತಿನಿಸುಗಳಲ್ಲಿರುವ ಸಕ್ಕರೆಯ ಬಗ್ಗೆ ಮಕ್ಕಳಿಗೆ ತಿಳಿಸುವ ಫಲಕ, ಹಾಕಲು ಹೇಳಿತು. 4ರಿಂದ 10 ವರ್ಷದ ಮಕ್ಕಳ ದಿನದ ಶಕ್ತಿಯಲ್ಲಿ 13% ಸಕ್ಕರೆಯಿಂದ ಬರುತ್ತಿದೆ, ಇರಬೇಕಾದ್ದು 5% ಎಂದು ಅದರ ಸುತ್ತೋಲೆ ಹೇಳಿತ್ತು. ಐದು ವರ್ಷದ ಮಗುವಿಗೆ ದಿನಕ್ಕೆ ಸುಮಾರು 1,360 ಕ್ಯಾಲೊರಿ ಬೇಕು. ಅದರ 5% ಅಂದರೆ 17 ಗ್ರಾಂ, ನಾಲ್ಕು ಚಮಚ ಸಕ್ಕರೆ. 250 ಮಿ.ಲೀ.ಯ ಒಂದು ಕೋಲಾದಲ್ಲೇ ಸುಮಾರು 26 ಗ್ರಾಂ ಇದೆ. ಹಾಲಿಗೆ ಹಾಕುವ ಚಾಕೊಲೇಟ್ ಪುಡಿ, ಪ್ಯಾಕೆಟ್ ಜ್ಯೂಸ್, ಕ್ರೀಮ್ ಬಿಸ್ಕತ್ತು, ಕೆಚಪ್, ಬಣ್ಣಬಣ್ಣದ ಕಾರ್ನ್‌ಫ್ಲೇಕ್ಸ್ ಎಲ್ಲದರಲ್ಲೂ ಅಡಗಿ ಕುಳಿತಿರುತ್ತದೆ. ಬೆಲ್ಲ, ಜೇನುತುಪ್ಪವೂ ಈ ನಾಲ್ಕು ಚಮಚದ ಲೆಕ್ಕಕ್ಕೇ ಬರುತ್ತವೆ. ಬೆಲ್ಲ ಆದರೆ ಎಷ್ಟು ಹಾಕಿದರೂ ನಡೆಯುತ್ತದೆ ಅನ್ನುವುದು ತಪ್ಪು. ಎರಡು ವರ್ಷದೊಳಗಿನ ಕೂಸಿಗಂತೂ ಸಕ್ಕರೆ, ಬೆಲ್ಲ ಬೇಡವೇ ಬೇಡ. ಒಂದು ವರ್ಷದೊಳಗೆ ಜೇನುತುಪ್ಪ ನೆಕ್ಕಿಸಲೂಬಾರದು.

ಇನ್ನು ನಮ್ಮ ಊಟದ ನಿಜವಾದ ಕೊರತೆ ಒಂದಿದೆ. ಎಷ್ಟೋ ಮಕ್ಕಳ ತಟ್ಟೆಯಲ್ಲಿ ಅನ್ನ ಗುಡ್ಡದಷ್ಟು, ಸಾರು ನೀರಿನಷ್ಟು. ಬೇಳೆಯೆಲ್ಲ ತಳದಲ್ಲಿ, ಮೇಲಿನ ತಿಳಿ ಮಾತ್ರ ಮಗುವಿಗೆ. ಖಾರ ಆಗುತ್ತದೆ ಅಂತ ಪಲ್ಯ ಬಡಿಸುವುದಿಲ್ಲ. ಇಲ್ಲಿ ಅನ್ನ ತೆಗೆಯುವ ಬದಲು ಜೊತೆಗೆ ಇರಬೇಕಾದ್ದನ್ನು ಹೆಚ್ಚಿಸಬೇಕು. ಬೇಳೆ ಗಟ್ಟಿಯಾಗಿ ಹಿಸುಕಿ ಬಡಿಸಿ. ಖಾರ ಹಾಕುವ ಮೊದಲೇ ಮಗುವಿನ ಪಾಲಿನ ಪಲ್ಯ ತೆಗೆದಿಡಿ. ಮೊಟ್ಟೆ ತಿನ್ನುವ ಮನೆಯಾದರೆ ಒಂದು ಮೊಟ್ಟೆ, ಇಲ್ಲದಿದ್ದರೆ ಮೊಸರು, ಕಾಳು. ಒಂದು ಚಮಚ ತುಪ್ಪ ಇರಲಿ. ಮಕ್ಕಳಿಗೆ ದೊಡ್ಡವರಿಗಿಂತ ಹೆಚ್ಚು ಪಾಲು ಕೊಬ್ಬು ಬೇಕು, 1ರಿಂದ 3 ವರ್ಷದಲ್ಲಿ ಶಕ್ತಿಯ 30ರಿಂದ 40%. ಮೈದಾ ಬನ್ನಿನ ಬದಲು ರಾಗಿ ರೊಟ್ಟಿ, ಜೋಳದ ರೊಟ್ಟಿ ಹಾಲಿನಲ್ಲಿ ನೆನೆಸಿ ಕೊಡಬಹುದು. ಅಪ್ಪನಿಗೆ ಶುಗರ್ ಇದ್ದರೂ ಎರಡು ಅಡುಗೆ ಬೇಕಾಗಿಲ್ಲ. ಅದೇ ಸಾರು, ಅದೇ ಪಲ್ಯ. ಅಪ್ಪನ ತಟ್ಟೆಯಲ್ಲಿ ಅನ್ನ ಕಡಿಮೆ, ಪಲ್ಯ ಹೆಚ್ಚು. ಮಗುವಿನ ತಟ್ಟೆಯಲ್ಲಿ ಅದರ ಹಸಿವಿಗೆ ತಕ್ಕಷ್ಟು ಅನ್ನ.

ಡಾಕ್ಟರ್ ಹತ್ತಿರ ಯಾವಾಗ?

ಈಗಾಗಲೇ ಮಗುವಿಗೆ ಅನ್ನ, ರೊಟ್ಟಿ ನಿಲ್ಲಿಸಿದ್ದರೆ ಗಾಬರಿ ಬೇಡ. ಮಾಮೂಲಿ ಊಟ ಮತ್ತೆ ಶುರು ಮಾಡಿ, ಎತ್ತರ-ತೂಕ ಒಂದು ಸಲ ನೋಡಿಸಿ. ಅಂಗನವಾಡಿಯಲ್ಲೂ ನೋಡುತ್ತಾರೆ. ಡಾಕ್ಟರ್ ಬರೆದುಕೊಟ್ಟ ಕೀಟೋ ಊಟ ಮಾತ್ರ ನೀವಾಗಿ ನಿಲ್ಲಿಸಬೇಡಿ, ಫಿಟ್ಸ್ ಜಾಸ್ತಿಯಾಗಬಹುದು. ತೂಕ ಏರದೆ ನಿಂತಿದ್ದರೆ, ಮಗು ಸದಾ ಸುಸ್ತಾಗಿದ್ದರೆ, ಬೆಳಿಗ್ಗೆ ಎದ್ದಾಗ ಮಂಕಾಗಿ ಬೆವರುತ್ತಿದ್ದರೆ ಮಕ್ಕಳ ತಜ್ಞರಿಗೆ ತೋರಿಸಿ.

ಮಗು ಪದೇಪದೇ ನೀರು ಕೇಳುತ್ತಿದ್ದರೆ, ಹಾಸಿಗೆ ಒದ್ದೆ ಮಾಡುವುದು ನಿಂತಿದ್ದದ್ದು ಮತ್ತೆ ಶುರುವಾಗಿದ್ದರೆ, ಚೆನ್ನಾಗಿ ತಿಂದರೂ ಸೊರಗುತ್ತಿದ್ದರೆ ಊಟ ಬದಲಿಸಿ ನೋಡೋಣ ಎಂದು ಕಾಯಬೇಡಿ. ಅದೇ ದಿನ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ. ಬೆರಳ ತುದಿಯ ಒಂದು ಹನಿ ರಕ್ತ ಸಾಕು, ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಜೊತೆಗೆ ವಾಂತಿ, ಹೊಟ್ಟೆನೋವು, ಜೋರಾದ ಉಸಿರಾಟ ಇದ್ದರೆ ರಾತ್ರಿಯಾಗಿದ್ದರೂ ಸರಿ, ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.